ಅಮ್ಮನ ಪರವಾಗಿ ಕಲಿತವನು

ಆಫೀಸಿನಿಂದ ವರ್ಷಕ್ಕೊಮ್ಮೆ ಬರುವ ಆ ಮೇಲ್ ನಿಮಗೂ ಬರುತ್ತೆ. ಕಡ್ಡಾಯ ತರಬೇತಿ, ಶುಕ್ರವಾರದೊಳಗೆ ಮುಗಿಸಿ, ಮುಗಿಸದವರ ಪಟ್ಟಿ ಮ್ಯಾನೇಜರಿಗೆ ಹೋಗುತ್ತೆ. ಮಾಹಿತಿ ಸುರಕ್ಷತೆಯದ್ದೊಂದು, ಲೈಂಗಿಕ ಕಿರುಕುಳ ತಡೆಯದ್ದೊಂದು, ಲಂಚ ಕೊಡಬಾರದು ಅನ್ನೋದರ ಬಗ್ಗೆ ಮತ್ತೊಂದು. ನಾವು ಮಾಡೋದೂ ಒಂದೇ. ವಿಡಿಯೋ ಮ್ಯೂಟ್ ಮಾಡಿ, ಪಕ್ಕದ ವಿಂಡೋದಲ್ಲಿ ನಿಜವಾದ ಕೆಲಸ ತೆರೆದಿಟ್ಟುಕೊಂಡು, 'ನೆಕ್ಸ್ಟ್' ಬಟನ್ ಬಣ್ಣ ಬದಲಾದಾಗೆಲ್ಲ ಒತ್ತುತ್ತಾ ಹೋಗೋದು. ಕೊನೆಯ ಪ್ರಶ್ನೆಗಳಿಗೆ ಓದೋದೇನೂ ಬೇಕಿಲ್ಲ, ನಾಲ್ಕು ಆಯ್ಕೆಗಳಲ್ಲಿ ಅತಿ ಉದ್ದವಾಗಿರೋದೇ ಸರಿ ಉತ್ತರ. ಸರ್ಟಿಫಿಕೇಟ್ ಡೌನ್‌ಲೋಡ್. ಮುಗೀತು.

ಈ ವಿದ್ಯೆಯಲ್ಲಿ ನಾನು ಚೆನ್ನಾಗಿ ಪಳಗಿದ್ದೆ. ಅಮ್ಮನಿಗೂ ಅದು ಉಪಯೋಗಕ್ಕೆ ಬಂತು.

ಅಮ್ಮ ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. 1996ರಲ್ಲಿ ಕೆಲಸಕ್ಕೆ ಸೇರಿದವಳು, ಮೊನ್ನೆ ಮೊನ್ನೆ ನಿವೃತ್ತಳಾದಳು. 2020ರಲ್ಲಿ ಎಲ್ಲರ ಹಾಗೆ ನಾನೂ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಹೋಗಿ ಕೂತಿದ್ದೆ. ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಅಟ್ಟದ ಮೇಲಿನ ಪೂರ್ವದ ಕಿಟಕಿಯಲ್ಲಿ ಮಾತ್ರ. ಹಗಲು ಆ ಕಿಟಕಿ ನನ್ನದು, ರಾತ್ರಿ ಒಂಬತ್ತರ ಮೇಲೆ ಅಮ್ಮನದು. ಶಾಲೆ ಮುಚ್ಚಿತ್ತು, ಆದರೆ ಅವಳ ಕೆಲಸ ಮುಚ್ಚಿರಲಿಲ್ಲ. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾದಾಗ ಯಾರದೋ ಜಗುಲಿ, ದೇವಸ್ಥಾನದ ಚಾವಡಿ ಅಂತ ಮಕ್ಕಳನ್ನ ಹುಡುಕಿಕೊಂಡು ಹೋಗಿ ಪಾಠ ಮಾಡ್ತಿದ್ದಳು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಮನೆಗೆ ಬಂದರೆ ರೇಷನ್ನಿನ ಲೆಕ್ಕ, ದಾಖಲೆ, ಗ್ರೂಪಿನಲ್ಲಿ 'ಇಂದೇ ಕಳುಹಿಸಿ' ಅನ್ನೋ ನಮೂನೆಗಳು. ಅದರ ಮೇಲೆ ಶಿಕ್ಷಕರಿಗೆ ಆನ್‌ಲೈನ್ ಕೋರ್ಸುಗಳು, ಒಂದಾದ ಮೇಲೆ ಒಂದು. ಯಾರು ಕಳಿಸಿದ್ದು, ಯಾವ ಆ್ಯಪು ಅಂತೆಲ್ಲ ಹೆಸರು ಹೇಳೋದಿಲ್ಲ. ಇಲ್ಲಿನ ತಪ್ಪು ನಮ್ಮ ಮನೆಯದ್ದು.

ಮೊದಲ ಕೋರ್ಸು ಅಮ್ಮನೇ ಮಾಡಿದಳು. ನೋಟ್‌ಬುಕ್ ಇಟ್ಟುಕೊಂಡು, ವಿಡಿಯೋ ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡು. ನಡುವೆ ನೆಟ್ ಹೋಗಿ ಮತ್ತೆ ಮೊದಲಿಂದ ಬಂತು. ರಾತ್ರಿ ಹನ್ನೊಂದೂವರೆ ಆಯ್ತು. ಎರಡನೆಯದಕ್ಕೆ ಕೂತ ದಿನ ಕಣ್ಣು ಉಜ್ಜಿಕೊಳ್ತಾ ಕೆಳಗಿಳಿದು ಬಂದು, 'ನೀನು ಆಫೀಸಿಂದು ಹ್ಯಾಗೆ ಮಾಡ್ತೀಯ ಮಾರಾಯ, ಹಂಗೇ ಇದ್ನೂ ಒಂಚೂರು ಮಾಡಿಬಿಡು' ಅಂದಳು. ನಾನು ಮಾಡಿಬಿಟ್ಟೆ. ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ, ಮೊಬೈಲಿನಲ್ಲಿ ಅಮ್ಮನ ಲಾಗಿನ್ ತೆರೆದು, ಬೆರಳು ಆಡಿಸುತ್ತಾ. ಎರಡನೆಯದು, ಮೂರನೆಯದು, ಹೀಗೇ ಎಷ್ಟೋ. ಸರ್ಟಿಫಿಕೇಟಿನ ಪಿಡಿಎಫ್ ಬಂದಾಗ ಅಮ್ಮನಿಗೆ ಫಾರ್ವರ್ಡ್ ಮಾಡ್ತಿದ್ದೆ. ಅವಳು ಅದನ್ನ ಮುಖ್ಯೋಪಾಧ್ಯಾಯರಿಗೆ, ಅವರು ಮೇಲಕ್ಕೆ.

ಆಗ ನನಗೆ ಇದು ತಪ್ಪು ಅಂತ ಒಂದು ಕ್ಷಣಕ್ಕೂ ಅನ್ನಿಸಿರಲಿಲ್ಲ. ಈಗಲೂ ಪೂರ್ತಿ ತಪ್ಪು ಅಂತ ಹೇಳೋಕೆ ಬಾಯಿ ಬರಲ್ಲ. ನನ್ನ ವಾದ ಸರಳವಾಗಿತ್ತು. 24 ವರ್ಷ ಪಾಠ ಮಾಡಿದವಳಿಗೆ ಸ್ಲೈಡ್ ತೋರಿಸಿ ಏನು ಕಲಿಸ್ತಾರೆ? ಅವಳಿಗೆ ಏನು ಬೇಕು ಅಂತ ಯಾರಾದರೂ ಕೇಳಿದ್ದಾರಾ? ಕೋರ್ಸು ಮಾಡಿದವಳಿಗೆ ಗೊತ್ತಿದ್ದದ್ದು, ಮಾಡಿಸಿದವರಿಗೂ ಗೊತ್ತಿದ್ದದ್ದು ಒಂದೇ. ಬೇಕಾಗಿರೋದು ಸಂಖ್ಯೆ. ಸಂಖ್ಯೆ ಕೇಳಿದವರಿಗೆ ಸಂಖ್ಯೆ ಕೊಟ್ಟೆವು. ಕೇಳಿಸಿಕೊಳ್ಳದವರಿಗೆ ಹೇಳಿದ ಸುಳ್ಳು ಸುಳ್ಳು ಹೇಗಾಗುತ್ತೆ? ಯಾರಿಗೆ ನಷ್ಟ?

ಈ ವಾದಕ್ಕೆ ಬಲ ಇಲ್ಲ ಅಂತಲ್ಲ. ನಮ್ಮಲ್ಲಿ ಶಿಕ್ಷಕರ ತರಬೇತಿ ಹೇಗೆ ನಡೀತಾ ಬಂದಿದೆ ಅಂತ ಗೊತ್ತಿದ್ದವರಿಗೆ ಇದು ಅರ್ಥ ಆಗುತ್ತೆ. 1986ರ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದು ಡಯಟ್ ಬಂತು. ಆಮೇಲೆ ತಾಲ್ಲೂಕಿಗೆ ಬಿಆರ್‌ಸಿ, ಹತ್ತಾರು ಶಾಲೆಗೆ ಸೇರಿ ಒಂದು ಸಿಆರ್‌ಸಿ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ವರ್ಷಕ್ಕೆ 20 ದಿನ ಸೇವಾನಿರತ ತರಬೇತಿ ಅಂತ ಲೆಕ್ಕ ಇತ್ತು. ತರಬೇತಿ ಹರಿಯೋದು ಮೇಲಿಂದ ಕೆಳಕ್ಕೆ. ಬೆಂಗಳೂರಿನಲ್ಲಿ ಕೆಲವರಿಗೆ, ಅವರು ಜಿಲ್ಲೆಯಲ್ಲಿ ಇನ್ನು ಕೆಲವರಿಗೆ, ಅವರು ತಾಲ್ಲೂಕಿನಲ್ಲಿ, ಕೊನೆಗೆ ಅಮ್ಮನಿಗೆ. ಚಿಕ್ಕವರಿದ್ದಾಗ ಸಾಲಾಗಿ ಕೂತು ಕಿವಿಯಿಂದ ಕಿವಿಗೆ ಗುಟ್ಟು ದಾಟಿಸೋ ಆಟ ಆಡ್ತಿದ್ದೆವಲ್ಲ, ಕೊನೆಯವನು ಎದ್ದು ಹೇಳಿದಾಗ ಎಲ್ಲರೂ ನಗ್ತಿದ್ದೆವಲ್ಲ, ಹಾಗೆ. ಅಮ್ಮ ಕೊನೆಯ ಕಿವಿ. ಆದರೆ ಇಲ್ಲಿ ನಗೋ ಹಾಗಿಲ್ಲ, ಸಹಿ ಹಾಕಬೇಕು.

ಇನ್ನು ದೊಡ್ಡ ಸಂಖ್ಯೆಗಳು. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನಿಷ್ಠಾ ಅನ್ನೋ ಕಾರ್ಯಕ್ರಮ ಶುರು ಮಾಡಿದಾಗ ಗುರಿ ಇದ್ದದ್ದು ಸುಮಾರು 42 ಲಕ್ಷ ಶಿಕ್ಷಕರು ಮತ್ತು ಶಾಲಾ ಮುಖ್ಯಸ್ಥರು. 42 ಲಕ್ಷ ಜನರನ್ನ ತಲುಪಬೇಕು ಅಂತ ಹೊರಟರೆ ಒಬ್ಬೊಬ್ಬರ ಹತ್ತಿರ ಕೂತು ಮಾತಾಡೋಕಾಗಲ್ಲ, ಅದನ್ನ ಒಪ್ಪಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಅನ್ನುತ್ತೆ. ನಾನು ಆ ಸಾಲನ್ನ ಹುಡುಕಿ ಓದಿದಾಗ ಆಶ್ಚರ್ಯವಾಯ್ತು. 50 ಗಂಟೆಯ ಪಕ್ಕದಲ್ಲೇ ಇನ್ನೊಂದು ಮಾತಿದೆ, ಈ ಕಲಿಕೆ ಶಿಕ್ಷಕರ ಸ್ವಂತ ಆಸಕ್ತಿಯಿಂದ ನಡೀಬೇಕು ಅಂತ. ಎರಡೂ ಒಂದೇ ವಾಕ್ಯದಲ್ಲಿವೆ. ಗಂಟೆಯನ್ನ ಎಕ್ಸೆಲ್ ಶೀಟಿನಲ್ಲಿ ಹಾಕಬಹುದು. ಆಸಕ್ತಿಗೆ ಯಾವ ಕಾಲಮ್ಮು?

ಅಮ್ಮ ತರಬೇತಿ ಅಂದರೆ ಮೂಗು ಮುರಿಯೋಳಲ್ಲ, ಅದನ್ನೂ ಹೇಳಬೇಕು. ನಲಿ-ಕಲಿಯ ಬಗ್ಗೆ ಮಾತೆತ್ತಿದರೆ ಅವಳ ದನಿಯೇ ಬದಲಾಗುತ್ತೆ. ಅದರ ಕತೆ ನಿಮಗೆ ಗೊತ್ತಿರಬಹುದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಕೆಲವು ಮೇಷ್ಟ್ರು, ಟೀಚರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳನ್ನ ನೋಡಿ ಬಂದರು. ಅಲ್ಲಿ ಪಠ್ಯಪುಸ್ತಕದ ಬದಲು ಕಾರ್ಡು, ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು, ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿ ಹತ್ತಿದ ಹಾಗೆ ಮೇಲೆ ಹೋಗೋದು. ವಾಪಸ್ ಬಂದ ಇವರು ಅದನ್ನೇ ನಕಲು ಮಾಡದೆ ತಮ್ಮ ಮಕ್ಕಳಿಗೆ, ತಮ್ಮ ಕನ್ನಡಕ್ಕೆ ಹೊಂದೋ ಹಾಗೆ ಕಾರ್ಡುಗಳನ್ನ ಕೂತು ಬರೆದರು, ಹಾಡು ಕಟ್ಟಿದರು. ಯುನಿಸೆಫ್ ಬೆಂಬಲ ಕೊಟ್ಟಿತು. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆಲ್ಲ ಬಂತು. ಆಮೇಲೆ ಅಮ್ಮನ ಶಾಲೆಯಲ್ಲೂ ನೆಲದ ಮೇಲೆ ಐದು ಗುಂಪು. ಟೀಚರ ಪೂರ್ತಿ ಸಹಾಯ ಬೇಕಾದವರು, ಸ್ವಲ್ಪ ಬೇಕಾದವರು, ಗೆಳೆಯರ ಸಹಾಯದಿಂದ ಕಲಿಯೋರು, ತಾವೇ ಕಲಿಯೋರು. ತರಬೇತಿಯಲ್ಲಿ ಒಬ್ಬರು ಟೀಚರು ತಮ್ಮದೇ ಶಾಲೆಯ ಹರಿದ ಕಾರ್ಡುಗಳನ್ನ ತಂದು ಹರಡಿ, 'ಇದು ಕೆಲಸ ಮಾಡಲಿಲ್ಲ, ಇದು ಮಾಡಿತು' ಅಂತ ತೋರಿಸಿದ್ದರಂತೆ. ಅಮ್ಮನಿಗೆ ಇವತ್ತಿಗೂ ನೆನಪಿರೋದು ಅದು. 'ಕೆಲಸ ಮಾಡಲಿಲ್ಲ ಅಂತ ಯಾವ ಟ್ರೈನಿಂಗಲ್ಲೂ ಯಾರೂ ಹೇಳಿದ್ದಿಲ್ಲ ನೋಡು, ಅವ್ರೊಬ್ರೇ' ಅಂತಾಳೆ.

ನನಗೆ ಅನ್ನಿಸೋದು, ಎಚ್.ಡಿ. ಕೋಟೆಯವರಿಗೆ ಸಿಕ್ಕಿದ್ದು ಎರಡು. ಒಂದು ಪದ್ಧತಿ, ಇನ್ನೊಂದು ಅದನ್ನ ಹುಡುಕಿಕೊಳ್ಳೋ ಅವಕಾಶ. ಉಳಿದ ಸಾವಿರಾರು ಜನರಿಗೆ ತಲುಪಿದ್ದು ಮೊದಲನೆಯದು ಮಾತ್ರ. ಇಬ್ಬರದ್ದನ್ನೂ ನಾವು ತರಬೇತಿ ಅಂತಲೇ ಕರೀತೀವಿ.

ಸರಿ, ಇಲ್ಲಿಯವರೆಗೆ ನಾನು ಗೆದ್ದ ಹಾಗೇ ಕಾಣುತ್ತೆ.

2021ರ ಅಕ್ಟೋಬರ್ 25ಕ್ಕೆ ಚಿಕ್ಕ ಮಕ್ಕಳ ಶಾಲೆ ಮತ್ತೆ ತೆರೆಯಿತು. ಅಮ್ಮನಿಗೆ ಆ ವರ್ಷ ನಾಲ್ಕನೇ ತರಗತಿ. ಅದರಲ್ಲೊಬ್ಬ ಹುಡುಗ. ಎರಡನೇ ತರಗತಿಯಲ್ಲಿದ್ದಾಗ ಚುರುಕಾಗಿದ್ದವನು, ಒಂದೂವರೆ ವರ್ಷ ಬಿಟ್ಟು ಬಂದು ನೋಡಿದರೆ ಏನೂ ಬರಲ್ಲ. ಬೋರ್ಡಿನ ಮೇಲೆ ಬರೆದದ್ದನ್ನ ನೋಡಿ ಬರೆಯೋಕೂ ಬರಲ್ಲ. ಪಕ್ಕದವನ ಪುಸ್ತಕ ನೋಡಿ ಬರೀತಾನೆ. ಪಕ್ಕದವನು ತಪ್ಪು ಬರೆದರೆ ಇವನದ್ದೂ ಅದೇ ತಪ್ಪು. ಕೊರೊನಾದಲ್ಲಿ ಎಲ್ಲ ಮಕ್ಕಳೂ ಮರೆತಿದ್ದರು, ಹಾಗಾಗಿ ಅದು ವಿಶೇಷವಾಗೇನೂ ಕಾಣಲಿಲ್ಲ. ಕಂಡದ್ದು ಕಳ್ಳತನ. ಅಮ್ಮ ಬೈದಳು. ಆಮೇಲೆ ಜಾಗ ಬದಲಾಯಿಸಿದಳು, ನಕಲು ಮಾಡಬಾರದು ಅಂತ ಹಿಂದಿನ ಸಾಲಿನ ಮೂಲೆಗೆ ಒಬ್ಬನೇ ಕೂರೋ ಹಾಗೆ. ನನಗೆ ಫೋನಿನಲ್ಲಿ ಹೇಳಿದ್ದು ನೆನಪಿದೆ: 'ಹುಡುಗ ಒಳ್ಳೇವ್ನೇ, ಮನೇಲಿ ಮೊಬೈಲ್ ಹಿಡ್ದು ಹಿಡ್ದು ಸೋಮಾರಿ ಆಗಿದಾನೆ.' ನಾನು 'ಹೂಂ' ಅಂದಿದ್ದೆ.

ಮೂರು ತಿಂಗಳು ಅವನು ಆ ಮೂಲೆಯಲ್ಲಿ ಕೂತ.

ಫೆಬ್ರವರಿಯಲ್ಲಿ ಶಾಲೆಗೆ ಬರ್ತಿದ್ದ ಅತಿಥಿ ಶಿಕ್ಷಕಿ, ಇಪ್ಪತ್ನಾಲ್ಕು ಇಪ್ಪತ್ತೈದರ ಹುಡುಗಿ, ಅಮ್ಮ ರಜೆ ಹಾಕಿದ ದಿನ ಆ ತರಗತಿಗೆ ಹೋದವಳು ಮಾರನೇ ದಿನ ಕೇಳಿದಳು, 'ಮೇಡಂ, ಅವ್ನಿಗೆ ಬೋರ್ಡ್ ಕಾಣ್ತಿಲ್ಲ ಅನ್ಸುತ್ತೆ, ಕಣ್ಣು ಕಿರಿದು ಮಾಡ್ತಾನೆ ನೋಡಿ. ನನ್ ತಮ್ಮನೂ ಹಂಗೇ ಮಾಡ್ತಿದ್ದ.' ಶಿವಮೊಗ್ಗಕ್ಕೆ ಕರಕೊಂಡು ಹೋಗಿ ತೋರಿಸಿದರು. ದೂರದ್ದು ಕಾಣದ ದೃಷ್ಟಿದೋಷ, ಒಳ್ಳೇ ದಪ್ಪ ಕನ್ನಡಕ ಬಂತು. ಕಾರಣ ಯೋಚಿಸಿದರೆ ಎಲ್ಲ ಸರಿಯಾಗಿ ಕೂಡುತ್ತೆ. ಎರಡನೇ ತರಗತಿಯವರೆಗೆ ಅವನು ಕಲಿತದ್ದು ನೆಲದ ಮೇಲೆ ಕೂತು, ಕೈಯಲ್ಲಿ ಹಿಡಿದ ಕಾರ್ಡಿನಿಂದ. ಹತ್ತಿರದ್ದು ಚೆನ್ನಾಗಿ ಕಾಣುತ್ತೆ. ಗೆಳೆಯನ ಸಹಾಯದಿಂದ ಕಲಿಯೋದು ಅಲ್ಲಿ ತಪ್ಪೂ ಅಲ್ಲ, ಅದಕ್ಕೊಂದು ಗುಂಪೇ ಇದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಎದುರಿಗೆ ಕರಿಹಲಗೆ, ಮತ್ತು ಅವನು ಎರಡು ವರ್ಷದ ಹಿಂದೆ ಕಲಿತ ಹಾಗೇ ಗೆಳೆಯನ ಕಡೆ ತಿರುಗಿದ. ಈ ಸಲ ಅದಕ್ಕೆ ಹೆಸರು ಬೇರೆ ಇತ್ತು.

ಅಮ್ಮ ಅವತ್ತು ರಾತ್ರಿ ಫೋನ್ ಮಾಡಿ ಸುಮಾರು ಹೊತ್ತು ಏನೇನೋ ಮಾತಾಡಿ, ಕೊನೆಗೆ ಕೇಳಿದಳು. 'ನೀ ಮಾಡಿದ್ಯಲ್ಲ, ಆ ಕೋರ್ಸಲ್ಲಿ ಒಂದು ಸಮನ್ವಯ ಶಿಕ್ಷಣದ್ದಿತ್ತು. ಅದ್ರಲ್ಲಿ ಇಂಥದ್ದೇನಾದ್ರೂ ಹೇಳಿದ್ರಾ? ಕಣ್ಣಿಂದು, ಕಿವಿದು?'

ನನಗೆ ಗೊತ್ತಿರಲಿಲ್ಲ. ನಾನು ಮ್ಯೂಟ್ ಮಾಡಿದ್ದೆ.

ಇದಾದ ಮೇಲೆ ನಾನು ಆ ಕೋರ್ಸನ್ನ ಮತ್ತೆ ತೆರೆದು ನೋಡಬಹುದಿತ್ತು. ಅಮ್ಮನ ಪಾಸ್‌ವರ್ಡ್ ಇನ್ನೂ ನನ್ನ ಮೊಬೈಲಲ್ಲೇ ಇದೆ. ನೋಡಿಲ್ಲ. ಯಾಕೆ ನೋಡಿಲ್ಲ ಅಂತ ನನ್ನನ್ನೇ ಕೇಳಿಕೊಂಡಾಗ ಬಂದ ಉತ್ತರ ಹಿತವಾದದ್ದಲ್ಲ. ಅದರಲ್ಲಿ ಒಂದು ಸ್ಲೈಡ್ ಇದ್ದು, 'ಮಗು ಕಣ್ಣು ಕಿರಿದು ಮಾಡುತ್ತಿದೆಯೇ, ಪಕ್ಕದವರ ಪುಸ್ತಕ ನೋಡಿ ಬರೆಯುತ್ತಿದೆಯೇ ಗಮನಿಸಿ' ಅಂತ ಇದ್ದರೆ, ಆ ಮೂರು ತಿಂಗಳಲ್ಲಿ ನನಗೂ ಪಾಲಿದೆ. ಇಲ್ಲದಿದ್ದರೆ ನಾನು ಪಾರು. ಅಂದರೆ ನಾನು ಮಾಡಿದ್ದು ತಪ್ಪೋ ಸರಿಯೋ ಅನ್ನೋದು ನಾನು ನೋಡದೇ ಇರುವ ಒಂದು ಸ್ಲೈಡಿನ ಮೇಲೆ ನಿಂತಿದೆಯಾ? ಮಾಡಿದ ಕೆಲಸ ಎರಡೂ ಕಡೆ ಒಂದೇ ತಾನೆ?

ತತ್ವಶಾಸ್ತ್ರದವರು ಇದಕ್ಕೆ 'ನೈತಿಕ ಅದೃಷ್ಟ' ಅಂತ ಒಂದು ಹೆಸರಿಟ್ಟಿದ್ದಾರೆ. ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಅನ್ನೋ ಇಬ್ಬರು 1976ರಲ್ಲಿ ಇದರ ಬಗ್ಗೆ ಒಟ್ಟಿಗೆ ಚರ್ಚೆ ಶುರು ಮಾಡಿದರು. ನಮ್ಮ ಕೈಯಲ್ಲಿ ಇಲ್ಲದ ಸಂಗತಿಗಳು ನಮ್ಮನ್ನ ತಪ್ಪಿತಸ್ಥರನ್ನಾಗಿ ಮಾಡಬಹುದಾ ಅನ್ನೋದು ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಮಗನೋ ಗಂಡನೋ ಹೀಗೇ ಬಟನ್ ಒತ್ತಿರಬಹುದು. ಅವರ ಕ್ಲಾಸಿನಲ್ಲಿ ಇಂಥ ಹುಡುಗ ಸಿಗಲಿಲ್ಲ, ಅಥವಾ ಇದ್ದವನು ಗೊತ್ತಾಗಲಿಲ್ಲ. ಅವರು ನೆಮ್ಮದಿಯಾಗಿದ್ದಾರೆ. ನನಗೆ ಮೊದಮೊದಲು ಈ ಹೆಸರು ಸಿಕ್ಕಿದ್ದೇ ಒಂದು ಸಮಾಧಾನ ಆಯ್ತು, ರೋಗಕ್ಕೆ ಹೆಸರು ಗೊತ್ತಾದ ಹಾಗೆ. ಸಮಾಧಾನ ಬಹಳ ದಿನ ಉಳೀಲಿಲ್ಲ.

ಯಾಕಂದ್ರೆ ನನ್ನ ಹಳೇ ವಾದದಲ್ಲಿ ಒಂದು ತೂತಿದೆ. ಕೇಳಿಸಿಕೊಳ್ಳದವರಿಗೆ ಹೇಳಿದ ಸುಳ್ಳು ಅಂದೆನಲ್ಲ, ಅಲ್ಲಿ ನಾನು ಲೆಕ್ಕ ಹಾಕಿದ್ದು ಇಬ್ಬರನ್ನೇ, ಆದೇಶ ಕೊಟ್ಟವರು ಮತ್ತು ಅಮ್ಮ. ಆದೇಶ ಕೊಟ್ಟವರು ಅಮ್ಮನನ್ನ ನಂಬಿರಲಿಲ್ಲ, ಅದಕ್ಕೇ ಸರ್ಟಿಫಿಕೇಟ್ ಕೇಳಿದರು. ಅಮ್ಮ ಅವರನ್ನ ನಂಬಿರಲಿಲ್ಲ, ಅದಕ್ಕೇ ನನ್ನನ್ನ ಕೇಳಿದಳು. ಇಬ್ಬರೂ ಸಮ. ಆದರೆ ಆ ಸರ್ಟಿಫಿಕೇಟ್ ಯಾರಿಗೆ ಬರೆದ ಪತ್ರ? ಅದರಲ್ಲಿ 'ಇವರಿಗೆ ಇದು ಗೊತ್ತಿದೆ' ಅಂತ ಇದೆ. ಅದನ್ನ ನಂಬಿ ಕೂತಿರೋನು ಆ ಹುಡುಗ, ಅವನ ಅಪ್ಪ. ಅವರು ಪಿಡಿಎಫ್ ನೋಡಿಲ್ಲ, ನೋಡೋದೂ ಇಲ್ಲ. ಮೇಡಮ್ಮಿಗೆ ಗೊತ್ತಿರುತ್ತೆ ಅಂತಷ್ಟೇ ನಂಬಿದ್ದಾರೆ.

ಇದನ್ನ ಬರೆಯುವಾಗಲೇ ಇನ್ನೊಂದು ದನಿ ಒಳಗಿಂದ ಕಿರುಚುತ್ತೆ: ಹಾಗಾದರೆ ಆ ಅತಿಥಿ ಶಿಕ್ಷಕಿ? ಅವಳಿಗೆ ಯಾವ ಕೋರ್ಸಿನ ಲಿಂಕೂ ಬಂದಿರಲಿಲ್ಲ. ಸಂಬಳ ಅಮ್ಮನದ್ದರ ಕಾಲು ಭಾಗವೂ ಇಲ್ಲ. ಅವಳು ಕಂಡುಹಿಡಿದಳು, ತಮ್ಮನ ಕಣ್ಣು ನೋಡಿದ್ದಕ್ಕೆ. ಕಲಿಕೆ ಬರೋದು ಹಾಗೇ ಅಲ್ವಾ? ಅಮ್ಮನೇ ಆ ವಿಡಿಯೋ ಪೂರ್ತಿ ನೋಡಿದ್ದರೂ ರಾತ್ರಿ ಹನ್ನೊಂದೂವರೆಗೆ ನೋಡಿದ್ದು ವರ್ಷ ಕಳೆದ ಮೇಲೆ ತರಗತಿಯಲ್ಲಿ ನೆನಪಾಗ್ತಿತ್ತಾ? ಶಿಕ್ಷಣ ಹಕ್ಕು ಕಾಯ್ದೆ ಟೀಚರಿಗೆ ವಾರಕ್ಕೆ 45 ಗಂಟೆ ಅನ್ನುತ್ತೆ, ಪಾಠದ ತಯಾರಿಯೂ ಸೇರಿ. ಅಂದರೆ ತಯಾರಿಯೂ ಕೆಲಸ ಅಂತ ಕಾನೂನೇ ಒಪ್ಪಿದೆ. ಹಾಗಿದ್ದ ಮೇಲೆ ಕಲಿಯೋದನ್ನ ನಿದ್ದೆಯ ಸಮಯದಿಂದ ಕೇಳಿ ಪಡೆಯೋದು ಯಾವ ನ್ಯಾಯ?

ಈ ದನಿಯ ಮಾತು ನಿಜ. ಆದರೆ ಅದು ನನ್ನ ಪರವಾಗಿ ಸಾಕ್ಷಿ ಹೇಳೋದು ನನಗೇ ಅನುಮಾನ. ಅಮ್ಮನಿಗೆ ಅನ್ಯಾಯ ಆಗಿದ್ದರೆ ಅದನ್ನ ಹೇಳೋ ದಾರಿಗಳಿದ್ದವು. ಕ್ಲಸ್ಟರ್ ಮೀಟಿಂಗಿನಲ್ಲಿ ಎದ್ದು ನಿಂತು 'ಇದು ನನ್ನಿಂದ ಆಗಲ್ಲ, ಹಗಲು ಕೊಡಿ' ಅನ್ನಬಹುದಿತ್ತು. ಒಬ್ಬಳೇ ಅಂದರೆ ಯಾರು ಕೇಳ್ತಾರೆ ಅನ್ನೋದೂ ಸರಿಯೇ. ಆದರೂ ಎಲ್ಲರೂ ಮುಗಿಸಿದ್ದಾರೆ ಅಂತ ಪಟ್ಟಿಯಲ್ಲಿ ತೋರಿಸಿದ ಮೇಲೆ, ಮುಂದಿನ ವರ್ಷವೂ ಹೀಗೇ ಮಾಡೋಣ ಅಂತ ಮೇಲಿನವರು ತೀರ್ಮಾನ ಮಾಡಿದರೆ ಅವರನ್ನ ಬೈಯೋದು ಹೇಗೆ? ಅವರ ಶೀಟಿನಲ್ಲಿ ಎಲ್ಲ ಹಸಿರು. ಆ ಹಸಿರು ತುಂಬಿದ್ದು ನಾನು. ಅಮ್ಮನಿಗೆ ಸಹಾಯ ಮಾಡ್ತಿದ್ದೀನಿ ಅಂದುಕೊಂಡು, ಅವಳ ದೂರು ದಾಖಲಾಗದ ಹಾಗೆ ಮಾಡಿದೆ.

ಅದಕ್ಕಿಂತ ಕೆಡುಕೆನಿಸೋದು ಇನ್ನೊಂದು. ಮೊದಲ ಕೋರ್ಸಿಗೆ ಅವಳು ನೋಟ್‌ಬುಕ್ ಹಿಡಿದು ಕೂತಿದ್ದಳು. ಐವತ್ತೇಳರ ವಯಸ್ಸಿಗೆ, ಇಡೀ ದಿನ ಜಗುಲಿಯಿಂದ ಜಗುಲಿಗೆ ಅಲೆದು ಬಂದು. ಅವಳಿಗೆ ಕಲಿಯೋ ಆಸೆ ಇತ್ತು. 'ಅಮ್ಮಾ, ಇದನ್ನೆಲ್ಲ ಯಾರಾದ್ರೂ ನೋಡ್ತಾರಾ' ಅಂತ ನಕ್ಕವನು ನಾನು. ಅವಳು ಎರಡನೇ ದಿನ ನನ್ನ ಹತ್ತಿರ ಬಂದದ್ದು ಸುಸ್ತಿಗೋ, ಆ ನಗುವಿಗೋ? ಕೇಳಿದರೆ 'ಅಯ್ಯೋ, ನೆಟ್ ಇರ್ಲಿಲ್ಲ ಕಣೋ' ಅಂತಾಳೆ.

ಕನ್ನಡಕ ಬಂದ ಮೇಲೆ ಅಮ್ಮ ಆ ಹುಡುಗನ ಮನೆಗೆ ಹೋಗಿದ್ದಳು. ಸುಮ್ಮನೆ ಬೈದೆ, ಮೂಲೆಗೆ ಕೂರಿಸಿದೆ, ತಪ್ಪಾಯ್ತು ಅಂತ ಅವನ ಎದುರಿಗೇ, ಅವನ ಅಪ್ಪ ಅಮ್ಮನ ಎದುರಿಗೇ ಹೇಳಿದಳಂತೆ. ಅವರು ಗಾಬರಿಯಾಗಿ, 'ಬಿಡಿ ಮೇಡಂ, ಹೆತ್ತ ನಮಗೇ ಗೊತ್ತಾಗ್ಲಿಲ್ಲ, ನಿಮಗೆ ಹ್ಯಾಗೆ ಗೊತ್ತಾಗ್ಬೇಕು' ಅಂದು ಕಾಫಿ ಕೊಟ್ಟು, ಹೊರಡುವಾಗ ಒಂದು ಚೀಲ ಕಂಚಿಕಾಯಿ ಕೈಗೆ ಕೊಟ್ಟರಂತೆ. ಅವರು ಹಾಗಂದದ್ದೇ ಅಮ್ಮನಿಗೆ ತಡೆಯೋಕಾಗಲಿಲ್ಲ. ಮನೆಗೆ ಬಂದು ನನಗೆ ಫೋನಿನಲ್ಲಿ ಹೇಳಿದಳು, 'ಕೋರ್ಸಿನ ವಿಷ್ಯ ಹೇಳ್ಲಿಲ್ಲ ಕಣೋ. ಹೇಳಿದ್ರೆ ಅವ್ರಿಗೆ ಏನು ಅರ್ಥ ಆಗುತ್ತೆ?'

ಅರ್ಥ ಆಗ್ತಿತ್ತು ಅಂತ ನನಗನ್ನಿಸುತ್ತೆ. ಆದರೆ ಅದನ್ನ ಹೇಳಬೇಕಾದವಳು ಅವಳಲ್ಲ.

ಈ ವಾರ ಆಫೀಸಿನ ಲಿಂಕ್ ಬಂದಿದೆ. 40 ನಿಮಿಷದ್ದು. ನಿನ್ನೆ ರಾತ್ರಿ ಊಟ ಆದ ಮೇಲೆ, ಈ ಸಲ ಮ್ಯೂಟ್ ಮಾಡದೆ ಪೂರ್ತಿ ಕೇಳೋಣ ಅಂತ ಹೆಡ್‌ಫೋನ್ ಹಾಕಿಕೊಂಡು ಕೂತೆ. ಹನ್ನೊಂದನೇ ನಿಮಿಷಕ್ಕೆ ನೋಡಿಕೊಂಡರೆ ಪಕ್ಕದಲ್ಲಿ ಇನ್ನೊಂದು ವಿಂಡೋ ತೆರೆದಿತ್ತು. ಯಾವಾಗ ತೆರೆದೆ ಅಂತ ನನಗೇ ಗೊತ್ತಾಗಿರಲಿಲ್ಲ. ಹಿಂದಕ್ಕೆ ಎಳೆದು ಮತ್ತೆ ಮೊದಲಿಂದ ಹಾಕಿದೆ.